ವಾಪಸಕ್ಕ ಕೈ ಎತ್ತಲಿಲ್ಲ

ವಾಪಸಕ್ಕ ಸತ್ತಳು. ಹೋದ ಗುರುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ಕನ್ನಡಿ ಅಂಗಡಿಯ ಮುಂದೆ, ತೊಡೆಯ ರಕ್ತನಾಳ ಗಾಜಿಗೆ ಸಿಕ್ಕಿ ಕತ್ತರಿಸಿಹೋಗಿ. ಆಂಬುಲೆನ್ಸ್ ಬರಲು ಹದಿನೆಂಟು ನಿಮಿಷ ಹಿಡಿಯಿತು. ಅವಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ವಯಸ್ಸು ಐವತ್ತಮೂರು. ಅಂಗಡಿಯವನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಅವಳು ನಡೆಸುತ್ತಿದ್ದ ಕಸ ವಿಂಗಡಣೆಯ ಶೆಡ್ಡು ಶುಕ್ರವಾರ ಒಂದು ದಿನ ಮುಚ್ಚಿತ್ತು, ಶನಿವಾರ ತೆರೆಯಿತು.

ಊರಿನಲ್ಲಿ ಈಗ ಒಂದು ಮಾತು ಓಡಾಡುತ್ತಿದೆ. ಅವಳೇ ಮೊದಲು ಕೈ ಎತ್ತಿದಳಂತೆ, ಅಂಗಡಿಯವನು ತಡೆದನಂತೆ, ಕಾಲು ಜಾರಿತಂತೆ. ಹಾಗೆ ಹೇಳುವವರನ್ನು ಪೂರ್ತಿ ದೂರುವಂತಿಲ್ಲ. ಅವಳ ಕೈಯ ರುಚಿ ಕಂಡವರು ನಮ್ಮೂರಿನಲ್ಲಿ ಪ್ರತಿ ಬೀದಿಗೂ ಒಬ್ಬರಿದ್ದಾರೆ. ಆದರೆ ಆ ಮಾತು ಸುಳ್ಳು. ಸುಳ್ಳು ಏಕೆ ಎಂದು ಹೇಳಬೇಕಾದರೆ ಅವಳ ಸಿಟ್ಟಿನಿಂದಲೇ ಶುರುಮಾಡಬೇಕು.

ಸಿಟ್ಟು ಅವಳ ಜೊತೆಯಲ್ಲೇ ಹುಟ್ಟಿತ್ತು. ಹತ್ತೊಂಬತ್ತನೇ ವಯಸ್ಸಿಗೆ ತಗಡಿನ ಡಬ್ಬಿ ಮಾಡುವ ಕಾರ್ಖಾನೆ ಸೇರಿದಳು. ಮುಚ್ಚಳ ಒತ್ತುವ ಯಂತ್ರ ಮೊದಲ ವರ್ಷವೇ ಅವಳ ಎಡಗೈ ಕಿರುಬೆರಳನ್ನು ತಿಂದಿತು. ಎರಡನೇ ವರ್ಷ ಮೇಸ್ತ್ರಿ ಅವಳ ಸೊಂಟಕ್ಕೆ ಕೈ ಹಾಕಿದ. ಕೂಗಲಿಲ್ಲ, ಅಳಲಿಲ್ಲ, ಮುಂದಿದ್ದ ತಗಡಿನ ಪಟ್ಟಿಯನ್ನೆತ್ತಿ ಅವನ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಗೆರೆ ಎಳೆದಳು. ಅವನಿಗೆ ಹದಿನಾಲ್ಕು ಹೊಲಿಗೆ ಬಿತ್ತು, ಅವಳಿಗೆ ಮನೆಯ ದಾರಿ ತೋರಿಸಿದರು.

ಅಂಥವಳನ್ನು ಮದುವೆಯಾದವನು ಇಡೀ ಊರಿಗೇ ಮೆತ್ತಗಿನ ಮನುಷ್ಯ. ಪುರಸಭೆಯ ಕಸದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಬೆಂಕಿಪೊಟ್ಟಣ, ಇವತ್ತು ಯಾರಿಗೆ ಗೀರಿದೆ?" ಎಂದು ಬಾಗಿಲಲ್ಲೇ ಕೇಳಿ, ಹಿತ್ತಲಿಗೆ ಹೋಗಿ ಮೈ ತೊಳೆದುಕೊಂಡೇ ಒಳಗೆ ಬರುತ್ತಿದ್ದ. ಎರಡು ಕೋಣೆಯ ಮನೆ. ಒಂದರಲ್ಲಿ ಅವರಿಬ್ಬರು, ಇನ್ನೊಂದರಲ್ಲಿ ಅವನ ತಂಗಿ. ಮಕ್ಕಳಾಗಲಿಲ್ಲ. ಮದುವೆಯಾಗಿ ಬಂದಾಗ ನಾದಿನಿಗೆ ಎಂಟು ವರ್ಷ. ಅವಳನ್ನೇ ಬೈದು, ಬಡಿದು, ಬಡಿದ ಕೈಯಲ್ಲೇ ತಲೆ ಬಾಚಿ ದೊಡ್ಡವಳನ್ನು ಮಾಡಿದಳು.

ಆಗ ಊರಿನ ಕಸವೆಲ್ಲ ಹೋಗುತ್ತಿದ್ದದ್ದು ಗುಂಡಿಗೆ. ಊರಾಚೆಯ ಹಳೆಯ ಕಲ್ಲುಗಣಿ ಅದು. ಅಡುಗೆಮನೆಯದ್ದು, ಆಸ್ಪತ್ರೆಯದ್ದು, ಗ್ಯಾರೇಜಿನದ್ದು, ಸತ್ತ ನಾಯಿ, ಒಡೆದ ಬಲ್ಬು, ಎಲ್ಲವೂ ಒಂದೇ ರಾಶಿ. ಗುಂಡಿ ತುಂಬಿ, ನೆಲಕ್ಕಿಂತ ಮೂರಾಳು ಎತ್ತರ ಎದ್ದಿತ್ತು. ಒಳಗೊಳಗೇ ಬೆಂಕಿ ಉರಿಯುತ್ತಿತ್ತು. ಆರಿಸಲು ಬಂದವರು ನೀರು ಬಿಟ್ಟು ಹೋಗುತ್ತಿದ್ದರು, ಮೂರನೇ ದಿನ ಇನ್ನೊಂದು ಕಡೆ ಹೊಗೆ ಏಳುತ್ತಿತ್ತು. ಒಂದು ಮಧ್ಯಾಹ್ನ ಅವಳ ಗಂಡ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಆ ರಾಶಿ ಸದ್ದಿಲ್ಲದೆ ಜಾರಿತು. ಟ್ರ್ಯಾಕ್ಟರ್ ಕಾಣಲಿಲ್ಲ, ಅವನೂ ಕಾಣಲಿಲ್ಲ. ಜೆಸಿಬಿ ಐದು ಗಂಟೆ ಬಗೆಯಿತು. ಅವಳು ಅಲ್ಲಿಯೇ ನಿಂತಿದ್ದಳು. ಹೆಣ ಹೊರಗೆ ಬಂದಾಗ ಬಾಯಿ ತೆರೆದಿತ್ತು. ಅವಳು ಬಗ್ಗಿ, ಬೆರಳು ಹಾಕಿ, ಆ ಬಾಯಿಯೊಳಗಿಂದ ಒಂದು ಹಾಲಿನ ಕವರು ಎಳೆದು ತೆಗೆದಳು. ಅದರ ಹಿಂದೆ ಇನ್ನೊಂದು ಬಂತು.

ಮೂರನೇ ದಿನ ಆ ಎರಡು ಕವರನ್ನೂ ತೆಗೆದುಕೊಂಡು ಹೋಗಿ ಪುರಸಭೆಯ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಇಟ್ಟಳು.

"ಇದು ಯಾರ ಮನೇದು ಸಾಹೇಬ್ರೇ?"

"ನೋಡಮ್ಮ, ನಿನ್ನ ಕಷ್ಟ ಅರ್ಥ ಆಗತ್ತೆ. ಆದ್ರೆ ಯಾರ ಮನೇದು ಅಂತ ಯಾರು ತಾನೆ ಹೇಳೋಕಾಗತ್ತೆ?"

"ನಾನು ಹೇಳ್ತೀನಿ. ನಂಗೊಂದು ಶೆಡ್ಡು ಕೊಡಿ."

ಕಸದ ವಿಷಯದಲ್ಲಿ ಪುರಸಭೆ ಕೈಚೆಲ್ಲಿ ಎಷ್ಟೋ ವರ್ಷವಾಗಿತ್ತು. ಕೈ ಹಾಕುತ್ತೇನೆ ಎಂದು ಬಂದವಳನ್ನು ಬೇಡ ಎನ್ನಲು ಯಾರಿಗೂ ಮನಸ್ಸಾಗಲಿಲ್ಲ, ಅವಳ ಮುಖ ನೋಡಿ ಧೈರ್ಯವೂ ಆಗಲಿಲ್ಲ. ಲಾರಿ ರಿಪೇರಿಯ ಹಳೆಯ ಶೆಡ್ಡು ಒಂದು ಖಾಲಿ ಬಿದ್ದಿತ್ತು. ಅದರ ಬೀಗದ ಕೈ ಕೊಟ್ಟರು.

ಹನ್ನೊಂದು ಹೆಂಗಸರು, ಆರು ತಳ್ಳುಗಾಡಿ. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಮಾಡಿದ ಖಾನೆಗಳು: ಹಸಿ ಕಸ, ಕಾಗದ, ಪ್ಲಾಸ್ಟಿಕ್, ತಗಡು, ಚಿಂದಿ ಬಟ್ಟೆ. ಗಾಜು ಮಾತ್ರ ಗಾಡಿಗೆ ಹಾಕುವಂತಿಲ್ಲ. ಯಾರದ್ದೋ ಅವರೇ ತಂದು ಶೆಡ್ಡಿನ ಬಾಗಿಲಲ್ಲಿರುವ ಪೀಪಾಯಿಗೆ ಹಾಕಬೇಕು. ಇಷ್ಟನ್ನು ಬೇರೆ ಊರುಗಳಲ್ಲೂ ಮಾಡುತ್ತಾರೆ. ಅವಳು ಮಾತ್ರ ಮಾಡುತ್ತಿದ್ದದ್ದು ಒಂದಿತ್ತು. ಬೆರೆಸಿ ಕೊಟ್ಟ ಚೀಲ ಗುಂಡಿಗೆ ಹೋಗುತ್ತಿರಲಿಲ್ಲ. ಕೊಟ್ಟವರ ಮನೆಗೇ ವಾಪಸ್ ಹೋಗುತ್ತಿತ್ತು.

ಚೀಲ ಯಾರದ್ದೆಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತು ಎನ್ನುವುದು ಊರಿಗೆಲ್ಲ ಸೋಜಿಗ. ನೆಲದ ಮೇಲೆ ಸುರಿದು, ಕುಕ್ಕರಗಾಲಲ್ಲಿ ಕೂತು, ಕಾಗದ ಓದುವ ಹಾಗೆ ಓದುತ್ತಿದ್ದಳು. ಕರೆಂಟಿನ ಬಿಲ್ಲು, ಮದುವೆ ಪತ್ರಿಕೆ, ಮಾತ್ರೆಯ ಹಾಳೆ, ಶಾಲೆಯ ನೋಟುಬುಕ್ಕಿನ ಹೊದಿಕೆ. ಏನೂ ಇಲ್ಲದಿದ್ದರೂ ಬಿಡುತ್ತಿರಲಿಲ್ಲ. "ಬ್ರೆಡ್ಡಿನ ಅಂಚು ಮಾತ್ರ ಬಿಟ್ಟಿದಾರೆ ನೋಡ್ರೇ. ಹಲ್ಲಿಲ್ಲದ ಮುದುಕರು ಒಬ್ರಿದಾರೆ. ತಲೆಕೂದಲಿಗೆ ಬಣ್ಣ ಹಚ್ಚಿದಾರೆ, ಅಂದ್ರೆ ಇನ್ನೊಬ್ರಿಗೆ ಮುದುಕರಾಗೋಕೆ ಇಷ್ಟ ಇಲ್ಲ. ಅಂಚೆ ಕಚೇರಿ ಹಿಂದಿನ ಎರಡನೇ ಮನೆ, ಹೋಗಿ." ಗಾಡಿಯವಳು ಹೋಗಿ ನೋಡಿದರೆ ಅದೇ ಮನೆ.

ಆಮೇಲೆ ಚೀಲವನ್ನು ತಾನೇ ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಸುರಿದು, "ನಿಮ್ದು. ವಾಪಸ್" ಎಂದಷ್ಟೇ ಹೇಳುತ್ತಿದ್ದಳು. ವಾಪಸಕ್ಕ ಎಂಬ ಹೆಸರು ಬಂದದ್ದು ಹಾಗೆ.

ಮೊದಲೆರಡು ವರ್ಷ ಅದು ಯುದ್ಧವೇ. ಬ್ಯಾಂಕಿನವನ ಹೆಂಡತಿ ಸುರಿದದ್ದನ್ನು ಬಾಚಿ ಅವಳ ಮುಖಕ್ಕೆ ಎರಚಿದಳು. ಅವಳು ಆ ಹೆಂಗಸಿನ ಜುಟ್ಟು ಹಿಡಿದು ಅದೇ ಕಸದ ಮೇಲೆ ಕೂರಿಸಿದಳು. ಗ್ಯಾರೇಜಿನವನು ಸ್ಪ್ಯಾನರಿನಲ್ಲಿ ಬಾಯಿಗೆ ಹೊಡೆದ. ಮುಂದಿನ ಹಲ್ಲು ಎರಡು ಹೋದವು. ಉಗಿದು, ಆ ಹಲ್ಲುಗಳನ್ನು ಆರಿಸಿಕೊಂಡು, "ಇದು ನಂದು, ಇದನ್ನ ನಾನು ತಗೊಂಡೋಗ್ತೀನಿ. ಆ ಎಣ್ಣೆ ಚಿಂದಿ ನಿಂದು" ಎಂದು, ಅವನ ಮೂಗಿಗೆ ತನ್ನ ಹಣೆಯಿಂದ ಗುದ್ದಿ ಬಂದಳು. ಅವಳ ಮೇಲೆ ನಾಯಿ ಬಿಟ್ಟವನೊಬ್ಬನಿದ್ದ. ನಾಯಿ ಅವಳನ್ನು ಕಚ್ಚಿತು, ಅವಳು ನಾಯಿಯ ಯಜಮಾನನನ್ನು ಕಚ್ಚಿದಳು ಎಂದು ಊರೆಲ್ಲ ನಕ್ಕಿತು. ಅದು ನಿಜವಲ್ಲ. ಅವಳು ಅವನನ್ನು ಚರಂಡಿಗೆ ತಳ್ಳಿದಳು, ಅಷ್ಟೇ.

ಹೀಗೆ ಹೇಳಿದರೆ ತಮಾಷೆಯಾಗಿ ಕೇಳಿಸುತ್ತದೆ. ಹತ್ತಿರದಿಂದ ಕಂಡವರಿಗೆ ತಮಾಷೆ ಅನ್ನಿಸುತ್ತಿರಲಿಲ್ಲ. ಪಿತ್ತ ನೆತ್ತಿಗೇರಿದಾಗ ಅವಳ ಕಿವಿ ಕೇಳುತ್ತಿರಲಿಲ್ಲ, ಕಣ್ಣಿಗೆ ಎದುರಿನವರ ಕೈ ಮಾತ್ರ ಕಾಣುತ್ತಿತ್ತು. ಹೊಡೆದು ಬಂದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂತು ನಡುಗುತ್ತಿದ್ದಳು. ನಾದಿನಿ ನೀರು ತಂದುಕೊಟ್ಟರೆ ಲೋಟ ಹಲ್ಲಿಗೆ ಬಡಿಯುವ ಸದ್ದು ಪಕ್ಕದ ಮನೆಗೂ ಕೇಳುತ್ತಿತ್ತು.

ಆದರೂ ಊರು ಕಲಿಯಿತು. ಹೆದರಿಯೋ ನಾಚಿಕೊಂಡೋ, ಬೇರೆ ಬೇರೆ ಇಟ್ಟು ಕೊಡುವುದು ರೂಢಿಯಾಯಿತು. ಗುಂಡಿಗೆ ದಿನಕ್ಕೆ ಏಳು ಸಲ ಹೋಗುತ್ತಿದ್ದ ಟ್ರ್ಯಾಕ್ಟರ್ ಒಂದು ಸಲ ಹೋಗುವಂತಾಯಿತು. ನಾಲ್ಕನೇ ವರ್ಷ ಗುಂಡಿಯಲ್ಲಿ ಹೊಗೆ ನಿಂತಿತು.

ಕಾಗದದ ಪೊಟ್ಟಣದ ಯೋಚನೆಯೂ ಅವಳದ್ದೇ. ಬಂದ ಹಳೆಯ ಕಾಗದದಲ್ಲಿ ಒಳ್ಳೆಯದನ್ನು ಆರಿಸಿ, ಮಧ್ಯಾಹ್ನ ಹೆಂಗಸರು ಮಡಿಸಿ, ಅಂಟು ಹಚ್ಚಿ, ಪೊಟ್ಟಣ ಮಾಡುತ್ತಿದ್ದರು. ದಿನಸಿಯವನು, ಮೊಳೆ ಮಾರುವವನು, ಔಷಧಿ ಅಂಗಡಿಯವನು, ಎಲ್ಲರೂ ಪ್ಲಾಸ್ಟಿಕ್ ಕವರು ಬಿಟ್ಟು ಅದನ್ನೇ ಬಳಸತೊಡಗಿದರು. ಮಡಿಸುವುದರಲ್ಲಿ ನಾದಿನಿಯನ್ನು ಮೀರಿಸುವವರಿರಲಿಲ್ಲ. ಅವಳಿಗೆ ಈಗ ಮೂವತ್ತನಾಲ್ಕು. ಮಾತು ಕಡಿಮೆ, ಕೈ ಚುರುಕು. ಮಾತಾಡುತ್ತ ಕೂತವರು ತಿರುಗಿ ನೋಡುವಷ್ಟರಲ್ಲಿ ಪಕ್ಕದಲ್ಲಿ ಒಂದು ಗೋಪುರ ಎದ್ದಿರುತ್ತಿತ್ತು.

ಈ ವರ್ಷದ ಮೊದಲಲ್ಲಿ ಒಂದು ಬೆಳಿಗ್ಗೆ ಆ ಕೈ ಹೋಯಿತು.

ಹಸಿ ಕಸದ ಚೀಲವೊಂದರಲ್ಲಿ ಬಟ್ಟೆಯ ಗಂಟಿತ್ತು. ಚಿಂದಿಯ ಖಾನೆಗೆ ಎಸೆಯೋಣವೆಂದು ನಾದಿನಿ ಅದನ್ನು ಬಿಗಿಯಾಗಿ ಹಿಡಿದು ಎಳೆದಳು. ಒಳಗೆ ಕನ್ನಡಿಯ ಚೂರುಗಳಿದ್ದವು. ಅಂಗೈಯ ಒಳಗಿನ ನರಗಳು ಮೂಳೆಯವರೆಗೆ ಕುಯ್ದುಹೋದವು. ಅವಳು ಕೂಗಲೇ ಇಲ್ಲ. ಕೈಯನ್ನು ಮುಂದೆ ಹಿಡಿದುಕೊಂಡು, "ಅತ್ತಿಗೆ, ಬೆರಳು ಮಡಿಸೋಕೆ ಆಗ್ತಿಲ್ಲ" ಎಂದಳು. ಹಿಂದಿದ್ದ ಪೊಟ್ಟಣಗಳ ಗೋಪುರದ ಮೇಲೆಲ್ಲ ರಕ್ತ ಚಿಮ್ಮಿತ್ತು. ಆಸ್ಪತ್ರೆಯಲ್ಲಿ ಹೊಲಿದರು. ನಾಲ್ಕು ಬೆರಳು ಇನ್ನು ಮಡಿಸಲು ಬರುವುದಿಲ್ಲ ಎಂದರು.

ವಾಪಸಕ್ಕ ಶೆಡ್ಡಿಗೆ ಹಿಂದಿರುಗಿ ಆ ಚೀಲ ಸುರಿದಳು. ತರಕಾರಿ ಸಿಪ್ಪೆಯ ನಡುವೆ ಒಂದು ಹಾಳೆ ಸಿಕ್ಕಿತು. ಎದೆ, ಭುಜ, ತೋಳು ಎಂದು ಅಂಗಿಯ ಅಳತೆ ಬರೆದಿದ್ದ ಚೀಟಿ. ಮೇಲೆ ದರ್ಜಿಯ ಅಂಗಡಿಯ ಮೊಹರು. ಗಾಜು ಸುತ್ತಿದ್ದದ್ದು ಬಟ್ಟೆ. ಗಾಜು ಕನ್ನಡಿಯದ್ದು. ದರ್ಜಿಯ ಅಂಗಡಿಯಲ್ಲಿ ಗಿರಾಕಿಗಳು ನೋಡಿಕೊಳ್ಳಲು ಆಳೆತ್ತರದ ಕನ್ನಡಿ ಇರುವುದು ಯಾರಿಗೆ ಗೊತ್ತಿಲ್ಲ? ಮೂರೂ ಸೇರಿಕೊಂಡವು. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಕೈಯಲ್ಲೇ ಇತ್ತು. ಹಾಗೆಯೇ ಹೊರಟಳು.

ದರ್ಜಿಗೆ ಅರವತ್ತು ದಾಟಿತ್ತು. ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿ ಆಡಿಸುತ್ತಿದ್ದ. ಅವಳನ್ನು ಕಂಡು, "ಬಾಮ್ಮ, ಚಿಂದಿ ಇನ್ನೂ ಕಟ್ಟಿಟ್ಟಿಲ್ಲ, ಐದು ನಿಮಿಷ ಕೂತ್ಕೋ" ಎಂದ. ಅವಳಿಗೆ ಅದು ಕೇಳಿಸಲಿಲ್ಲ. ಕತ್ತರಿ ಹಿಡಿದ ಕೈ ಕಾಣಿಸಿತು. ಕೊಕ್ಕೆಯನ್ನು ಬೀಸಿ ಆ ಮಣಿಕಟ್ಟಿಗೆ ಹೊಡೆದಳು. ಒಣ ಕಡ್ಡಿ ಮುರಿದ ಸದ್ದಾಯಿತು. ಅವನು ಮೇಜಿನ ಬುಡಕ್ಕೆ ಬಿದ್ದ. ಇನ್ನೊಂದು ಏಟಿಗೆ ಕೊಕ್ಕೆ ಎತ್ತಿದಾಗ ಎದುರಿಗೆ ಒಬ್ಬ ಹೆಂಗಸು ಕೊಕ್ಕೆ ಎತ್ತಿಕೊಂಡು ನಿಂತಿದ್ದಳು, ತುಟಿ ಸೆಳೆದು ಹೋದ ಹಲ್ಲುಗಳ ಸಂದು ಕಾಣುತ್ತಿತ್ತು, ಸೆರಗಿನ ತುಂಬ ರಕ್ತ. ಅದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಕನ್ನಡಿ ಎಲ್ಲಿಯೂ ಒಡೆದಿರಲಿಲ್ಲ. ಮೂಲೆಯಲ್ಲಿ ಒಂದು ಬಿರುಕು ಕೂಡ ಇರಲಿಲ್ಲ.

ಒಳಗಿನಿಂದ ಓಡಿ ಬಂದ ದರ್ಜಿಯ ಹೆಂಡತಿಯ ಕಡೆಗೆ ಅವಳು ಆ ಚೀಟಿ ಚಾಚಿದಳು. ಏನು ಹೇಳಬೇಕೆಂದು ತೋಚದೆ ಚಾಚಿದ್ದು.

"ಇದಾ? ಇದಕ್ಕಾ ಹೊಡೆದೆ?" ಆಕೆಯ ದನಿ ಚೀರಿ ಒಡೆಯಿತು. "ಲೇ, ಆ ಅಳತೆ ಪುಸ್ತಕ ಎಲ್ಲ ನಿಂಗೇ ತಾನೆ ಕೊಟ್ಟಿದ್ದು? ಇಪ್ಪತ್ತು ವರ್ಷದ್ದು! ನೀನೇ ತಲೆ ಮೇಲೆ ಹೊತ್ಕೊಂಡು ಹೋದೆ! ಅದನ್ನ ಪೊಟ್ಟಣ ಮಾಡಿ ಊರಿಗೆಲ್ಲ ಹಂಚಿದೋಳು ನೀನು!"

ವಾಪಸಕ್ಕ ಚೀಟಿಯನ್ನು ನೋಡಿದಳು. ಉದ್ದಕ್ಕೆ ಎರಡು ಮಡಿಕೆ, ಅಡ್ಡ ಒಂದು, ತುದಿಯಲ್ಲಿ ಅಂಟಿನ ಗುರುತು. ಶೆಡ್ಡಿನ ಮಡಿಕೆ. ಅಷ್ಟು ಓರಣದ ಮಡಿಕೆ ಊರಿನಲ್ಲಿ ಒಂದೇ ಕೈಗೆ ಬರುತ್ತಿತ್ತು, ಆ ಕೈಯನ್ನು ಆಸ್ಪತ್ರೆಯಲ್ಲಿ ಹೊಲಿದು ಕಳಿಸಿದ್ದರು. ದರ್ಜಿಯ ಚೀಟಿ ಪೊಟ್ಟಣವಾಗಿ, ಯಾವುದೋ ಅಂಗಡಿಗೆ ಹೋಗಿ, ಯಾರದ್ದೋ ಮನೆ ಸೇರಿ, ಅವರ ಕಸದಲ್ಲಿ ಬಂದಿತ್ತು. ಅವಳೇ ಊರೆಲ್ಲ ಓಡಾಡಿಸಿದ ಕಾಗದ ಅವಳಿಗೇ ಸುಳ್ಳು ಹೇಳಿತ್ತು.

ಆರೋಗ್ಯಾಧಿಕಾರಿ ಮಾರನೇ ದಿನವೇ ಹೇಳಿ ಕಳಿಸಿದ. ಇಷ್ಟು ದಿನ ಹೇಗೋ ಮುಚ್ಚಿಟ್ಟೆ, ಇನ್ನು ಆಗುವುದಿಲ್ಲ. ದರ್ಜಿ ದೂರು ಬರೆದುಕೊಟ್ಟರೆ ಅವತ್ತೇ ಶೆಡ್ಡಿಗೆ ಬೀಗ. ಲಾರಿಯವನೊಬ್ಬ ತಯಾರಾಗಿದ್ದಾನೆ, ಹಸಿ ಒಣ ಎನ್ನುವ ರಗಳೆ ಇಲ್ಲದೆ ಎಲ್ಲವನ್ನೂ ಎತ್ತಿ ನೇರ ಗುಂಡಿಗೆ ಹಾಕುತ್ತಾನೆ.

ಗುಂಡಿ ಎಂಬ ಮಾತು ಕೇಳಿದ್ದೇ ಅವಳು ಹೊರಟಳು. ದರ್ಜಿಯ ಮನೆಗೆ ಹೋದಳು. ಅವನು ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ. ಹೆಂಡತಿ ಬಾಗಿಲಲ್ಲೇ ಅವಳ ಕೆನ್ನೆಗೆ ಬಾರಿಸಿದಳು, ಎರಡು ಸಲ. ಅವಳು ಇನ್ನೊಂದು ಕೆನ್ನೆ ಕೊಟ್ಟಳೆಂದೇನೂ ಅಲ್ಲ, ಸುಮ್ಮನೆ ನಿಂತಳು.

"ಸಾಕು ಬಿಡೆ, ಕೈ ನೋವಾಗತ್ತೆ. ಮನೇಲಿ ಒಂದು ಕೈಯಾದ್ರೂ ನೆಟ್ಟಗಿರ್ಲಿ," ಎಂದ ದರ್ಜಿ. ಆಮೇಲೆ ಅವಳ ಕಡೆ ತಿರುಗಿ, "ಕೂತ್ಕೋ. ನಿನ್ನ ನಾದಿನಿ ಕೈ ಹೇಗಿದೆ?"

ಅವಳು ಕೂತು ಅತ್ತಳು. ಗಂಡನ ಹೆಣದ ಮುಂದೆ ಅಳದವಳು.

ಅವನು ಮೇಜಿನ ಮೇಲಿದ್ದ ಒಂದು ಹಾಳೆ ತೋರಿಸಿದ. ದೂರು. ಹೆಂಡತಿ ಬರೆದದ್ದು, ಕೆಳಗೆ ಅವನ ಎಡಗೈ ಹೆಬ್ಬೆಟ್ಟು. "ಇದನ್ನ ಇವತ್ತು ಕೊಡಲ್ಲ. ಮಿಷನ್ನಿನ ಡ್ರಾಯರಲ್ಲಿ ಇಟ್ಟಿರ್ತೀನಿ. ನೀನು ಇನ್ನೊಂದು ಸಲ ಯಾರ ಮೇಲಾದ್ರೂ ಕೈ ಎತ್ತಿದೆ ಅಂತ ಕೇಳಿದೆ ಅಂದ್ಕೋ, ಅವತ್ತೇ ಸಾಹೇಬರ ಕೈಗೆ ಹೋಗತ್ತೆ. ಸತ್ತೋಗ್ತಾ ಇದ್ರೂ ಎತ್ಕೂಡದು. ಆಗತ್ತಾ?"

"ಬಾಯಿ?"

"ಬಾಯಿ ಎಷ್ಟಾದ್ರೂ ಎತ್ತು. ಅದಕ್ಕೆ ಪ್ಲಾಸ್ಟರ್ ಹಾಕೋ ಡಾಕ್ಟ್ರು ಇನ್ನೂ ಹುಟ್ಟಿಲ್ಲ."

ಅದಾದ ಮೇಲೆ ದಿನಾ ಬೆಳಿಗ್ಗೆ ಒಂದು ಗಂಟೆ ದರ್ಜಿಯ ಅಂಗಡಿಗೆ ಹೋಗತೊಡಗಿದಳು. ಅವನು ಸೀಮೆಸುಣ್ಣದಲ್ಲಿ ಎಡಗೈಯಿಂದ ಗೆರೆ ಎಳೆಯುವುದು, ಅವಳು ಕತ್ತರಿಸುವುದು. ಮೊದಲ ವಾರ ಒಂದು ಅಂಗಿಗೆ ಎರಡೂ ಎಡಗಡೆಯ ತೋಳು ಕತ್ತರಿಸಿದಳು. "ಪರವಾಗಿಲ್ಲ, ನನ್ನಂಥವನು ಇನ್ನೊಬ್ಬ ಸಿಕ್ಕಿದ್ರೆ ಕೊಡೋಣ," ಎಂದ ದರ್ಜಿ. ಹೆಂಡತಿ ಒಳಗಿನಿಂದ, "ನಗ್ತಾ ಇರಿ ಇಬ್ರೂ. ಗಿರಾಕಿ ಬಂದು ಬಾರಿಸ್ತಾನೆ," ಎಂದಳು. ಆದರೆ ಎರಡನೇ ವಾರದಿಂದ ಒಳಗಿನಿಂದ ಚಹಾದ ಲೋಟ ಎರಡರ ಬದಲು ಮೂರು ಬರತೊಡಗಿದವು.

ಬೀದಿಯಲ್ಲಿ ಅಷ್ಟು ಸುಲಭವಿರಲಿಲ್ಲ. ಷರತ್ತಿನ ಸುದ್ದಿ ಗುಟ್ಟಾಗಿ ಉಳಿಯಲಿಲ್ಲ. ಹಳೆಯ ಸೇಡು ಇದ್ದವರೆಲ್ಲ ಬೇಕೆಂದೇ ಬೆರೆಸಿ ಕೊಡತೊಡಗಿದರು. ವಾಪಸ್ ಕೊಡಲು ಹೋದರೆ ಭುಜಕ್ಕೆ ಭುಜ ತಾಗಿಸಿ, "ಎತ್ತು, ಎತ್ತು ನೋಡೋಣ" ಎನ್ನುತ್ತಿದ್ದರು. ಗ್ಯಾರೇಜಿನವನು ಅವಳ ಕಾಲ ಮೇಲೆ ಉಗಿದ. ಅವಳು ಬಲಗೈಯನ್ನು ಎಡಗೈಯಲ್ಲಿ ಬೆನ್ನ ಹಿಂದೆ ಹಿಡಿದುಕೊಂಡು ನಿಂತಳು. ಉಗುರು ನೆಟ್ಟು ಮಣಿಕಟ್ಟಿನಲ್ಲಿ ರಕ್ತ ಬರುತ್ತಿತ್ತು. ಸಂಜೆ ನಾದಿನಿ ಅದಕ್ಕೆ ಎಣ್ಣೆ ಹಚ್ಚುವಾಗ, "ಅತ್ತಿಗೆ, ಊರಿಗೆ ಹೊಡೆಯೋದು ಬಿಟ್ಟು ನಿಮಗೇ ಹೊಡ್ಕೊಳ್ತಾ ಇದೀರ," ಎಂದಳು.

"ನನ್ ಮೇಲೆ ಎತ್ಬಾರ್ದು ಅಂತ ಟೈಲರಣ್ಣ ಹೇಳಿಲ್ವಲ್ಲ."

ಗಾಜು ಮತ್ತೆ ಬಂತು. ಈ ಸಲ ಇನ್ನೊಬ್ಬ ಹೆಂಗಸಿನ ಅಂಗಾಲು ಸೀಳಿತು. ಆ ದಿನ ವಾಪಸಕ್ಕ ಎಲ್ಲಿಗೂ ಓಡಲಿಲ್ಲ. ಯಾವ ಕಾಗದವನ್ನೂ ಓದಲಿಲ್ಲ. ಮುಂದಿನ ಎಂಟು ದಿನ ಕಸದಲ್ಲಿ ಬಂದ ಗಾಜನ್ನೆಲ್ಲ ನೆಲದ ಮೇಲೆ ಹರಡಿ ಜೋಡಿಸಿದಳು. ಮನೆಯಲ್ಲಿ ಬಿದ್ದು ಒಡೆದ ಕನ್ನಡಿ ನಕ್ಷತ್ರದ ಹಾಗೆ ಸಿಡಿಯುತ್ತದೆ, ಅಂಚು ಅಂಕುಡೊಂಕಾಗಿರುತ್ತದೆ. ಇವು ಹಾಗಿರಲಿಲ್ಲ. ಉದ್ದನೆಯ ಪಟ್ಟಿಗಳು, ಒಂದು ಬದಿ ನೇರ, ಅಳತೆಪಟ್ಟಿ ಇಟ್ಟು, ಗಾಜು ಕತ್ತರಿಸುವ ವಜ್ರದ ಪೆನ್ನಿನಿಂದ ಕೊಯ್ದಷ್ಟು ನೇರ. ತಗಡು ಕತ್ತರಿಸಿದ ಕೈಗೆ ಅಂಚಿನ ಭಾಷೆ ಗೊತ್ತಿತ್ತು. ದೊಡ್ಡ ಹಾಳೆಯಿಂದ ಬೇಕಾದಷ್ಟು ಕೊಯ್ದ ಮೇಲೆ ಉಳಿಯುವ ಪಟ್ಟಿ ಇದು. ಅಂಥ ಕೆಲಸ ಮಾಡುವ ಅಂಗಡಿ ಊರಿಗೆಲ್ಲ ಒಂದೇ, ಕನ್ನಡಿ ಅಂಗಡಿ. ಶೆಡ್ಡಿನ ಪೀಪಾಯಿವರೆಗೆ ಹೊತ್ತು ತರಲು ಸೋಮಾರಿತನವಾಗಿ, ಅಂಗಡಿಯವನು ಮನೆಯ ಹಸಿ ಕಸದಲ್ಲಿ ಹುದುಗಿಸಿ ಕಳಿಸುತ್ತಿದ್ದ.

ಆದರೂ ಗುರುವಾರ ಬೆಳಿಗ್ಗೆ ಮೊದಲು ದರ್ಜಿಯ ಅಂಗಡಿಗೆ ಹೋದಳು. ಗಾಜಿನ ಪಟ್ಟಿಯೊಂದನ್ನು ತೋರಿಸಿ, "ಸರಿಯಾಗಿ ಓದಿದೀನಾ, ನೀವೂ ನೋಡಿ ಟೈಲರಣ್ಣ," ಎಂದಳು. ಅವನು ಅಳತೆ ಟೇಪು ಹಿಡಿದು ಅಂಚು ನೋಡಿದ. "ಸರಿಯಾಗಿದೆ. ಹೋಗು. ಕೈ ಜೋಪಾನ," ಎಂದ.

"ನಾನೂ ಬರ್ತೀನಿ," ಎಂದಳು ನಾದಿನಿ. "ನಿಮ್ಮ ಬಲಗೈ ಹಿಡ್ಕೊಳ್ಳೋಕೆ."

ಗಾಜಿನ ಮೂಟೆಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಇಬ್ಬರೂ ಹೋದರು. ಅಂಗಡಿಯ ಹೊರಗೆ ಮರದ ಚೌಕಟ್ಟಿಗೆ ಒರಗಿಸಿದ್ದ ದೊಡ್ಡ ದೊಡ್ಡ ಗಾಜಿನ ಹಾಳೆಗಳು. ಬೀದಿಯೆಲ್ಲ ಅದರಲ್ಲಿ ಓಡಾಡುತ್ತಿತ್ತು. ಅಂಗಡಿಯವನು ಒಳಗೆ ಫೋಟೊಗೆ ಚೌಕಟ್ಟು ಹೊಡೆಯುತ್ತಿದ್ದ.

"ಓಹೋ, ವಾಪಸಕ್ಕ! ಏನು, ಮುಖ ನೋಡ್ಕೊಳ್ಳೋಕೆ ಬಂದ್ಯಾ?"

ಅವಳು ಮೂಟೆಯನ್ನು ಅವನ ಕಟ್ಟೆಯ ಮೇಲಿಟ್ಟಳು. "ನಿಮ್ದು. ವಾಪಸ್."

"ನಂದು ಅಂತ ಎಲ್ಲಿ ಬರೆದಿದೆ? ಟೈಲರದ್ದು ಅಂತಾನೂ ಒಂದಿನ ಬರೆದಿತ್ತಲ್ಲ, ಏನಾಯ್ತು ಅದು?"

"ಅಂಚಿನ ಮೇಲೆ ಬರೆದಿದೆ. ನಿಮ್ಮ ಪೆನ್ನಲ್ಲೇ ಬರೆದಿದೆ. ಇವಳ ಕೈ ನೋಡಿ." ನಾದಿನಿ ಬಲಗೈ ಮುಂದೆ ಚಾಚಿದಳು. ಬೆರಳುಗಳು ಕಡ್ಡಿಯ ಹಾಗೆ ನೇರ ನಿಂತಿದ್ದವು.

ಆತ ಹೊರಗೆ ಬಂದು, ಅದನ್ನು ಹಿಡಿದು ತಿರುಗಿಸಿದ. "ಈ ಕೈಯಾ? ಚೆನ್ನಾಗಿದ್ಯಲ್ಲ. ಬಸ್ಸು ನಿಲ್ಸೋಕೆ ಆಗತ್ತೆ." ಬೆರಳುಗಳನ್ನು ಹಿಂದಕ್ಕೆ ಒತ್ತಿದ. ನಾದಿನಿ ಚೀರಿದಳು.

ಬೀದಿಯಲ್ಲಿ ಜನ ನಿಂತರು. ನೋಡಿದವರಲ್ಲಿ ದಿನಸಿಯವನಿದ್ದ, ಔಷಧಿ ಅಂಗಡಿಯವನಿದ್ದ, ಅವಳ ಹಣೆಯಿಂದ ಮೂಗು ಮುರಿಸಿಕೊಂಡ ಗ್ಯಾರೇಜಿನವನೂ ಇದ್ದ. ಎಲ್ಲರೂ ಹೇಳುವುದು ಒಂದೇ. ವಾಪಸಕ್ಕನ ಬಲಗೈ ಭುಜದವರೆಗೆ ಬಂತು. ಬಂದದ್ದು ಅಲ್ಲಿಯೇ ನಿಂತಿತು. ಆಮೇಲೆ ಇಳಿಯಿತು. ತನ್ನ ಎಡಗೈಯಿಂದ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಅವಳನ್ನ ಬಿಡಿ. ಮಾತಾಡೋದು ನನ್ನ ಹತ್ರ."

"ಎತ್ತು ಅಂದ್ರೆ! ಎತ್ತಿ ಇಳಿಸ್ತೀಯಲ್ಲ!" ಎಂದು ಆತ ನಾದಿನಿಯನ್ನು ಗಾಡಿಯ ಕಡೆ ನೂಕಿ, ವಾಪಸಕ್ಕನ ಕೆನ್ನೆಗೆ ಹೊಡೆದ. ಅವಳು ಕದಲಲಿಲ್ಲ. ಇನ್ನೊಂದು ಹೊಡೆದ. ತುಟಿ ಒಡೆದು ಬಾಯಿ ಕೆಂಪಾಯಿತು. ಅವಳು ಅದನ್ನು ನುಂಗಿ, "ಆಯ್ತಾ? ಈಗ ಮೂಟೆ ಒಳಗೆ ತಗೊಳಿ," ಎಂದಳು. ಕೈ ಬೆನ್ನ ಹಿಂದೆಯೇ ಇತ್ತು.

ಅವನಿಗೆ ಅದು ತಡೆಯಲಾಗಲಿಲ್ಲ ಎಂದು ಕಾಣುತ್ತದೆ. ಕಟ್ಟೆಯ ಮೇಲಿದ್ದ ಮೂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಎದೆಗೆ ಎಸೆದ. ಕೈ ಮುಂದಿದ್ದರೆ ಹಿಡಿಯುತ್ತಿದ್ದಳೋ, ತಡೆಯುತ್ತಿದ್ದಳೋ. ಅವಳು ಹಿಂದಕ್ಕೆ ಬಿದ್ದಳು, ಒರಗಿಸಿದ್ದ ಹಾಳೆಗಳ ಮೇಲೆ. ಮೊದಲ ಹಾಳೆ ಅವಳ ಭಾರಕ್ಕೆ ಒಡೆಯಿತು. ಉಳಿದವು ಒಂದೊಂದಾಗಿ ಜಾರಿ ಅವಳ ಮೇಲೆ ಬಂದವು.

ಆ ಸದ್ದಿಗೆ ಜನ ಹಿಂದೆ ಸರಿದರು. ನಾದಿನಿ ಮಾತ್ರ ಎದ್ದು ಮುಂದೆ ಓಡಿದಳು. ವಾಪಸಕ್ಕ ಚೂರುಗಳ ನಡುವೆ ಅಂಗಾತ ಬಿದ್ದಿದ್ದಳು. ಒಂದು ಉದ್ದನೆಯ ಚೂರು ಬಲದೊಡೆಯಲ್ಲಿ ನಿಂತಿತ್ತು. ಅದರ ಸುತ್ತ ರಕ್ತ ಉಕ್ಕಿ ಉಕ್ಕಿ ಬರುತ್ತಿತ್ತು. "ಅತ್ತಿಗೆ!" ಎನ್ನುತ್ತ ನಾದಿನಿ ಮಂಡಿಯೂರಿ, ಹೋದ ಬಲಗೈಯನ್ನೂ ಉಳಿದಿದ್ದ ಎಡಗೈಯನ್ನೂ ಗಾಜಿನ ರಾಶಿಯೊಳಗೆ ಚಾಚಿದಳು.

"ಮುಟ್ಬೇಡ ಕಣೇ," ಎಂದಳು ವಾಪಸಕ್ಕ. "ಕುಯ್ಯತ್ತೆ."

ನಾದಿನಿ ಕೇಳಲಿಲ್ಲ. ವಾಪಸಕ್ಕ ನೆಟ್ಟಗಿದ್ದ ಎಡಗಾಲನ್ನು ಮಡಚಿಕೊಂಡು, ಇದ್ದಬದ್ದ ಬಲವನ್ನೆಲ್ಲ ಹಾಕಿ, ಅವಳ ಎದೆಗೆ ಒದ್ದಳು. ನಾದಿನಿ ಮಾರುದ್ದ ಹಿಂದೆ, ಗಾಜು ಇಲ್ಲದ ಕಡೆ, ಬೀದಿಯ ನಡುವೆ ಹೋಗಿ ಕೂತಳು.